ಚೆಸ್ ಪಂದ್ಯಾವಳಿ ತಂತ್ರಾಂಶದಲ್ಲಿ ರೇಟಿಂಗ್ ಪಟ್ಟಿ ನವೀಕರಣ ಕೈಕೊಟ್ಟಾಗ ದೋಷ ಹುಡುಕುವ ಬಗೆ

ಪಂದ್ಯಾವಳಿ ನಡೆಸುವ ತಂತ್ರಾಂಶದ ದೃಷ್ಟಿಯಲ್ಲಿ ಒಬ್ಬ ಆಟಗಾರನ ರೇಟಿಂಗ್ (ಆತನ ಆಟದ ಬಲವನ್ನು ಸೂಚಿಸುವ ಅಂಕಿ) ಒಂದೇ ಕಡೆ ಇರುವುದಿಲ್ಲ, ಮೂರು ಕಡೆ ಇರುತ್ತದೆ. ಮೊದಲನೆಯದು ಫಿಡೆಯ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟದ) ಅಥವಾ ರಾಷ್ಟ್ರೀಯ ಒಕ್ಕೂಟದ ಸರ್ವರ್‌ನಲ್ಲಿರುವ ಮೂಲ ಪಟ್ಟಿ. ಎರಡನೆಯದು ಆ ಪಟ್ಟಿಯನ್ನು ಇಳಿಸಿಕೊಂಡು ತಂತ್ರಾಂಶವು ನಮ್ಮ ಕಂಪ್ಯೂಟರಿನಲ್ಲಿ ಕಟ್ಟಿಕೊಂಡಿರುವ ಸ್ಥಳೀಯ ಡೇಟಾಬೇಸ್. ಮೂರನೆಯದು ನಿರ್ದಿಷ್ಟ ಪಂದ್ಯಾವಳಿಯ ಫೈಲಿನೊಳಗೆ, ಆಟಗಾರನನ್ನು ಸೇರಿಸಿದ ದಿನ ನಕಲಾಗಿ ಬಂದು ಕುಳಿತ ಅಂಕಿ. "ಪಟ್ಟಿ ಅಪ್‌ಡೇಟ್ ಮಾಡಿದೆ, ಆದರೂ ಹಳೆಯ ರೇಟಿಂಗ್ ತೋರಿಸುತ್ತಿದೆ" ಎಂಬ ದೂರುಗಳಲ್ಲಿ ಹೆಚ್ಚಿನವು ಎರಡನೆಯ ಮತ್ತು ಮೂರನೆಯ ಜಾಗಗಳ ನಡುವಿನ ಅಂತರದಿಂದ ಹುಟ್ಟುತ್ತವೆ. ಇಂಟರ್ನೆಟ್ ಸಂಪರ್ಕವನ್ನೋ ತಂತ್ರಾಂಶವನ್ನೋ ಶಂಕಿಸಿ ಎಲ್ಲವನ್ನೂ ಮರುಸ್ಥಾಪಿಸುವ ಶ್ರಮ ಅಂಥಲ್ಲಿ ವ್ಯರ್ಥವಾಗುತ್ತದೆ.

ಆದುದರಿಂದ ಏನನ್ನಾದರೂ ಸರಿಪಡಿಸಲು ಹೊರಡುವ ಮೊದಲು ದೋಷ ಈ ಮೂರರಲ್ಲಿ ಎಲ್ಲಿದೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ರೇಟಿಂಗ್ ಬದಲಾಗಿದೆ ಎಂದು ಖಚಿತವಾಗಿ ತಿಳಿದಿರುವ ಒಬ್ಬ ಆಟಗಾರನನ್ನು ಆರಿಸಿಕೊಂಡು, ಆತನ ಫಿಡೆ ಐಡಿಯಿಂದ (ಫಿಡೆ ಪ್ರತಿ ಆಟಗಾರನಿಗೆ ಕೊಡುವ ಗುರುತಿನ ಸಂಖ್ಯೆಯಿಂದ) ಫಿಡೆಯ ಜಾಲತಾಣದಲ್ಲಿ ಒಮ್ಮೆ, ತಂತ್ರಾಂಶದ ಸ್ಥಳೀಯ ಪಟ್ಟಿಯ ಹುಡುಕಾಟದಲ್ಲಿ ಒಮ್ಮೆ, ಪಂದ್ಯಾವಳಿ ಫೈಲಿನ ಆಟಗಾರರ ಪಟ್ಟಿಯಲ್ಲಿ ಒಮ್ಮೆ ನೋಡಿ, ಮೂರೂ ಅಂಕಿಗಳನ್ನು ಬರೆದುಕೊಳ್ಳಿ. ಮೊದಲನೆಯದಕ್ಕೂ ಎರಡನೆಯದಕ್ಕೂ ವ್ಯತ್ಯಾಸವಿದ್ದರೆ ಇಳಿಸಿಕೊಳ್ಳುವಿಕೆ ಅಥವಾ ಆಮದಿನಲ್ಲಿ ತೊಂದರೆಯಿದೆ. ಎರಡೂ ಒಂದೇ ಆಗಿದ್ದು ಮೂರನೆಯದು ಮಾತ್ರ ಬೇರೆಯಾಗಿದ್ದರೆ ಪಂದ್ಯಾವಳಿಯೊಳಗಿನ ನವೀಕರಣ ನಡೆದಿಲ್ಲ. ಸ್ವಿಸ್ ಮ್ಯಾನೇಜರ್, ವೇಗಾ, ಸ್ವಿಸ್‌ಸಿಸ್ ಮುಂತಾದ ತಂತ್ರಾಂಶಗಳಲ್ಲಿ ಮೆನುಗಳ ಹೆಸರುಗಳೂ ಜಾಗಗಳೂ ಬೇರೆಬೇರೆ, ಆದರೆ ಈ ಪರೀಕ್ಷೆ ಎಲ್ಲಕ್ಕೂ ಸಲ್ಲುತ್ತದೆ.

ಪಟ್ಟಿ ಇಳಿಯದಿದ್ದಾಗ

ಇಳಿಸಿಕೊಳ್ಳುವ ಹಂತದ ದೋಷಗಳು ಕಣ್ಣಿಗೆ ಕಾಣುವಂಥವು: ಸಂಪರ್ಕ ಸಾಧ್ಯವಾಗಲಿಲ್ಲ ಎಂಬ ಸೂಚನೆ ಬರುತ್ತದೆ, ಇಲ್ಲವೇ ಅರ್ಧಕ್ಕೆ ನಿಂತುಹೋಗುತ್ತದೆ. ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಹುದುಗಿರುವ ಪಟ್ಟಿಯ ವಿಳಾಸ ಈಗ ಚಾಲ್ತಿಯಲ್ಲಿಲ್ಲದಿರಬಹುದು, ಅಥವಾ ಆ ಆವೃತ್ತಿಗೆ ಇಂದಿನ ಸರ್ವರ್‌ಗಳು ಕಡ್ಡಾಯ ಮಾಡಿರುವ ಸುರಕ್ಷಿತ ಸಂಪರ್ಕದ ಹೊಸ ಕ್ರಮಗಳು ಗೊತ್ತಿಲ್ಲದಿರಬಹುದು. ಬ್ರೌಸರ್‌ನಲ್ಲಿ ಅದೇ ಪಟ್ಟಿ ಸಲೀಸಾಗಿ ಇಳಿದು, ತಂತ್ರಾಂಶದೊಳಗಿಂದ ಮಾತ್ರ ಇಳಿಯದಿದ್ದರೆ ಕಾರಣ ಇದೇ ಇರುವ ಸಂಭವ ಹೆಚ್ಚು. ಆಗ ಮೊದಲು ತಂತ್ರಾಂಶವನ್ನೇ ಹೊಸ ಆವೃತ್ತಿಗೆ ಏರಿಸಬೇಕು. ಪಂದ್ಯ ನಡೆಯುವ ಸಂಸ್ಥೆಯ ನೆಟ್‌ವರ್ಕ್‌ನಲ್ಲಿ ಪ್ರಾಕ್ಸಿ ಅಥವಾ ಫೈರ್‌ವಾಲ್ ಇದ್ದರೂ ಇದೇ ಲಕ್ಷಣ ಕಾಣುತ್ತದೆ, ಹಾಗಾಗಿ ಮೊಬೈಲಿನ ಹಾಟ್‌ಸ್ಪಾಟ್‌ನಿಂದ ಒಮ್ಮೆ ಪ್ರಯತ್ನಿಸಿ ನೋಡುವುದು ಒಳ್ಳೆಯದು.

ಪಂದ್ಯದ ದಿನ ಬೆಳಿಗ್ಗೆ ಈ ಬಗೆಯ ಶೋಧನೆಗೆ ಸಮಯವಿರುವುದಿಲ್ಲ. ಅಂಥ ಹೊತ್ತಿನಲ್ಲಿ ಫಿಡೆಯ ರೇಟಿಂಗ್ ತಾಣದ ಡೌನ್‌ಲೋಡ್ ಪುಟದಿಂದ ಪಟ್ಟಿಯನ್ನು ಕೈಯಾರೆ ಇಳಿಸಿಕೊಂಡು, ತಂತ್ರಾಂಶದಲ್ಲಿ "ಫೈಲಿನಿಂದ ಆಮದು" ಎಂಬ ಅರ್ಥದ ಆಯ್ಕೆಯ ಮೂಲಕ ಸೇರಿಸುವುದೇ ಸರಿಯಾದ ದಾರಿ. ನನ್ನ ಮಟ್ಟಿಗೆ ಇದು ತುರ್ತಿನ ಉಪಾಯವಲ್ಲ, ಯಾವಾಗಲೂ ಅನುಸರಿಸಬಹುದಾದ ಕ್ರಮ. ಏಕೆಂದರೆ ಯಾವ ತಿಂಗಳ, ಯಾವ ಬಗೆಯ ಪಟ್ಟಿಯನ್ನು ಬಳಸಿದೆವು ಎಂಬುದಕ್ಕೆ ಒಂದು ಫೈಲು ಸಾಕ್ಷಿಯಾಗಿ ನಮ್ಮ ಬಳಿ ಉಳಿಯುತ್ತದೆ.

ಕೈಯಾರೆ ಇಳಿಸುವಾಗ ಎರಡು ಆಯ್ಕೆಗಳು ಎದುರಾಗುತ್ತವೆ. ಸ್ಟ್ಯಾಂಡರ್ಡ್, ರ್‍ಯಾಪಿಡ್, ಬ್ಲಿಟ್ಜ್ (ದೀರ್ಘ, ವೇಗದ, ಅತಿವೇಗದ ಕಾಲಮಿತಿಯ ಆಟಗಳು) ಮೂರಕ್ಕೂ ಪ್ರತ್ಯೇಕ ಪಟ್ಟಿಗಳಿವೆ, ಮೂರನ್ನೂ ಒಟ್ಟುಗೂಡಿಸಿದ ಪಟ್ಟಿಯೂ ಇದೆ. ಪ್ರತಿಯೊಂದೂ ಸಾದಾ ಪಠ್ಯದ ರೂಪದಲ್ಲಿಯೂ ಎಕ್ಸ್‌ಎಂಎಲ್ ರೂಪದಲ್ಲಿಯೂ ಸಿಗುತ್ತದೆ. ತಂತ್ರಾಂಶ ನಿರೀಕ್ಷಿಸುವುದು ಒಟ್ಟು ಪಟ್ಟಿಯನ್ನು, ನಾವು ಕೊಟ್ಟದ್ದು ಸ್ಟ್ಯಾಂಡರ್ಡ್ ಪಟ್ಟಿಯನ್ನು ಎಂದಾದರೆ ಆಮದು ಒಂದೋ ವಿಫಲವಾಗುತ್ತದೆ, ಇಲ್ಲವೇ ಇನ್ನೂ ಕೆಟ್ಟದಾಗಿ, ಯಶಸ್ವಿಯಾಗಿ ಮುಗಿದಂತೆ ತೋರಿಸಿ ಕಾಲಂಗಳನ್ನು ಅದಲುಬದಲು ಮಾಡಿಬಿಡುತ್ತದೆ. ಬಿಡಿ ಪಟ್ಟಿಯ ಪಠ್ಯರೂಪದಲ್ಲಿ ರೇಟಿಂಗ್ ಕಾಲಂನ ತಲೆಬರಹವಾಗಿ ತಿಂಗಳು ಮತ್ತು ವರ್ಷದ ಸಂಕ್ಷಿಪ್ತ ರೂಪವೇ ಇರುತ್ತದೆ. ಒಟ್ಟು ಪಟ್ಟಿಯಲ್ಲಿ ಮೂರು ಬಗೆಯ ರೇಟಿಂಗ್‌ಗಳಿಗೆ ಮೂರು ಕಾಲಂಗಳಿರುತ್ತವೆ. ಫೈಲಿನ ಮೊದಲ ಸಾಲನ್ನು ಓದಿದರೆ ಕೈಯಲ್ಲಿರುವುದು ಯಾವ ಪಟ್ಟಿ ಎಂಬುದು ಗೊತ್ತಾಗುತ್ತದೆ, ಬಿಡಿ ಪಟ್ಟಿಯಾದರೆ ಯಾವ ತಿಂಗಳದ್ದೆಂಬುದೂ ತಿಳಿಯುತ್ತದೆ.

ಹಾಗೆ ತೆರೆದು ನೋಡುವಾಗ ಒಂದು ಎಚ್ಚರಿಕೆ ಅಗತ್ಯ. ಈ ಪಠ್ಯ ಫೈಲಿನಲ್ಲಿ ಕಾಲಂಗಳನ್ನು ಬೇರ್ಪಡಿಸುವುದು ಅಲ್ಪವಿರಾಮವಲ್ಲ, ಅಕ್ಷರಗಳ ಸ್ಥಾನ: ಇಂತಿಷ್ಟನೆಯ ಅಕ್ಷರದಿಂದ ಇಂತಿಷ್ಟನೆಯದರವರೆಗೆ ಹೆಸರು, ಅಲ್ಲಿಂದ ಮುಂದೆ ಒಕ್ಕೂಟ, ಹೀಗೆ. ಎಕ್ಸೆಲ್‌ನಲ್ಲಿ ತೆರೆದು ಉಳಿಸಿದರೆ ಖಾಲಿ ಜಾಗಗಳು ಕುಗ್ಗಿ ಸ್ಥಾನಗಳು ಸರಿದುಹೋಗುತ್ತವೆ. ಬಳಿಕ ಅದೇ ಫೈಲನ್ನು ಆಮದು ಮಾಡಿದರೆ ಹುಟ್ಟಿದ ವರ್ಷ ರೇಟಿಂಗ್ ಆಗಿಯೂ ಆಡಿದ ಪಂದ್ಯಗಳ ಸಂಖ್ಯೆ ಕೆ ಅಂಶವಾಗಿಯೂ (ಒಂದು ಪಂದ್ಯದ ಫಲಿತಾಂಶದಿಂದ ರೇಟಿಂಗ್ ಎಷ್ಟು ಬದಲಾಗಬೇಕೆಂದು ನಿರ್ಧರಿಸುವ ಗುಣಕವಾಗಿಯೂ) ಓದಲ್ಪಡಬಹುದು. ನೋಡಬೇಕೆಂದಿದ್ದರೆ ನಕಲು ಪ್ರತಿಯನ್ನು ತೆರೆದು ನೋಡಿ, ಮೂಲವನ್ನು ಮುಟ್ಟದೆ ಬಿಡಿ.

ಆಮದು ಮುಗಿದಂತೆ ಕಂಡರೂ ಪಟ್ಟಿ ಬದಲಾಗದಿದ್ದಾಗ

ಫಿಡೆಯ ಒಟ್ಟು ಪಟ್ಟಿಯಲ್ಲಿ ರೇಟಿಂಗ್ ಪಡೆಯದೆ ಐಡಿ ಮಾತ್ರ ಹೊಂದಿರುವವರೂ ಸೇರಿ ಲಕ್ಷಾಂತರ ಹೆಸರುಗಳಿರುತ್ತವೆ. ಹಳೆಯ 32 ಬಿಟ್ ತಂತ್ರಾಂಶ ಎಕ್ಸ್‌ಎಂಎಲ್ ಫೈಲನ್ನು ಇಡಿಯಾಗಿ ಮೆಮೊರಿಗೆ ತುಂಬಿಕೊಳ್ಳಲು ಹೋದರೆ ನಡುವೆಯೇ ಕುಸಿಯಬಹುದು. ಅಂಥ ಸಂದರ್ಭದಲ್ಲಿ ಪಠ್ಯರೂಪದ ಪಟ್ಟಿಯನ್ನು ಪ್ರಯತ್ನಿಸಿ, ಅಥವಾ ಆಮದಿನ ವೇಳೆ ಬೇಕಾದ ಒಕ್ಕೂಟಗಳನ್ನಷ್ಟೇ ಆಯ್ದುಕೊಳ್ಳುವ ಸೌಲಭ್ಯವಿದ್ದರೆ ಬಳಸಿ. ಈ ಎರಡನೆಯ ಉಪಾಯಕ್ಕೆ ಬೆಲೆಯಿದೆ: ಹಾಗೆ ಆಯ್ದ ಪಟ್ಟಿಯಲ್ಲಿ ಹೊರದೇಶದ ಆಟಗಾರರು ಸಿಗುವುದಿಲ್ಲ, ಒಕ್ಕೂಟ ಬದಲಿಸಿದವರೂ ತಪ್ಪಿಹೋಗುತ್ತಾರೆ. ಒಕ್ಕೂಟ ಬದಲಾದರೂ ಫಿಡೆ ಐಡಿ ಬದಲಾಗುವುದಿಲ್ಲವಾದ್ದರಿಂದ, ಐಡಿಯ ಆರಂಭದ ಅಂಕಿಗಳನ್ನು ನೋಡಿ ಆಟಗಾರ ಈಗ ಯಾವ ದೇಶಕ್ಕೆ ಸೇರಿದ್ದಾನೆಂದು ಊಹಿಸುವುದೂ ಸರಿಯಲ್ಲ.

ಸ್ಥಳೀಯ ಪಟ್ಟಿಯನ್ನು ಆಕ್ಸೆಸ್ ಮಾದರಿಯ ಡೇಟಾಬೇಸ್‌ನಲ್ಲಿ ಇಡುವ ತಂತ್ರಾಂಶವಾದರೆ ಬೀಗದ ಸಮಸ್ಯೆಯೂ ಬರುತ್ತದೆ. ತಂತ್ರಾಂಶದ ಎರಡು ಪ್ರತಿಗಳು ಏಕಕಾಲಕ್ಕೆ ತೆರೆದಿದ್ದರೆ, ಅಥವಾ ಹಿಂದಿನ ಬಾರಿ ಅದು ಅರ್ಧದಲ್ಲೇ ಸ್ಥಗಿತಗೊಂಡಿದ್ದರೆ, ಡೇಟಾಬೇಸ್ ಪಕ್ಕದಲ್ಲಿ ಒಂದು ಸಣ್ಣ ಲಾಕ್ ಫೈಲು ಉಳಿದುಕೊಂಡು ಹೊಸ ಬರವಣಿಗೆಯನ್ನು ತಡೆಯಬಹುದು. ಎಲ್ಲ ಪ್ರತಿಗಳನ್ನೂ ಮುಚ್ಚಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಹಿನ್ನೆಲೆಯಲ್ಲಿ ಏನೂ ಓಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಆ ಲಾಕ್ ಫೈಲನ್ನು ಅಳಿಸಬೇಕು. ಆಕ್ಸೆಸ್ ಡೇಟಾಬೇಸ್‌ಗೆ 2 ಗಿಗಾಬೈಟ್‌ನ ಗಾತ್ರಮಿತಿಯಿದೆ ಎಂಬುದೂ ನೆನಪಿನಲ್ಲಿರಲಿ. ಪ್ರತಿ ತಿಂಗಳು ಹಳೆಯದರ ಮೇಲೆ ಹೊಸದನ್ನು ಸೇರಿಸುತ್ತ ಹೋದರೆ ಅದು ಉಬ್ಬುತ್ತದೆ, ಆದ್ದರಿಂದ ಹಳೆಯ ಪಟ್ಟಿಯನ್ನು ಅಳಿಸಿ ಹೊಸದನ್ನು ತುಂಬುವ ಆಯ್ಕೆಯೇ ಲೇಸು.

ವಿಂಡೋಸ್‌ನ ಒಂದು ವರ್ತನೆ ಇನ್ನಷ್ಟು ಗೊಂದಲ ಹುಟ್ಟಿಸುತ್ತದೆ. ತಂತ್ರಾಂಶವನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಸ್ಥಾಪಿಸಿದ್ದು, ಅದರ ದತ್ತಾಂಶವೂ ಅಲ್ಲಿಯೇ ಇದ್ದರೆ, ನಿರ್ವಾಹಕ ಅನುಮತಿಯಿಲ್ಲದೆ ಓಡುವ ಹಳೆಯ ಮಾದರಿಯ ತಂತ್ರಾಂಶಗಳ ಬರವಣಿಗೆಯನ್ನು ವಿಂಡೋಸ್ ಸದ್ದಿಲ್ಲದೆ ಆ ಬಳಕೆದಾರನ ಖಾಸಗಿ ಫೋಲ್ಡರಿನ ವರ್ಚುವಲ್‌ಸ್ಟೋರ್ ಎಂಬ ಜಾಗಕ್ಕೆ ತಿರುಗಿಸುತ್ತದೆ. ಪರಿಣಾಮವಾಗಿ ಒಬ್ಬ ಬಳಕೆದಾರ ಲಾಗಿನ್ ಆದಾಗ ಹೊಸ ಪಟ್ಟಿ, ಇನ್ನೊಬ್ಬ ಲಾಗಿನ್ ಆದಾಗ ಹಳೆಯ ಪಟ್ಟಿ ಕಾಣುತ್ತದೆ; ನಿರ್ವಾಹಕನಾಗಿ ಓಡಿಸಿದರೆ ಮತ್ತೊಂದೇ ಕಾಣುತ್ತದೆ. ಒಂದೇ ಕಂಪ್ಯೂಟರನ್ನು ಮುಖ್ಯ ಆರ್ಬಿಟರ್ (ತೀರ್ಪುಗಾರ) ಮತ್ತು ಪೇರಿಂಗ್ (ಪ್ರತಿ ಸುತ್ತಿನ ಜೋಡಿಗಳನ್ನು ಹೊಂದಿಸುವ) ಅಧಿಕಾರಿ ಬೇರೆಬೇರೆ ಖಾತೆಗಳಿಂದ ಬಳಸುವ ಕಡೆ ಈ ದೋಷವನ್ನು ಮೊದಲು ಶಂಕಿಸಿ. ದತ್ತಾಂಶದ ಫೋಲ್ಡರನ್ನು ಬರೆಯಲು ಪೂರ್ಣ ಅನುಮತಿಯಿರುವ ಬೇರೆ ಜಾಗಕ್ಕೆ ಬದಲಾಯಿಸುವುದೇ ಇದಕ್ಕೆ ಶಾಶ್ವತ ಪರಿಹಾರ.

ಆಮದು ಸರಿಯಾಗಿದೆಯೇ ಎಂದು ಪರೀಕ್ಷಿಸಲು ಎಲ್ಲರಿಗೂ ಗೊತ್ತಿರುವ ಮೂರು ಐಡಿಗಳು ಸಾಕು: ಮ್ಯಾಗ್ನಸ್ ಕಾರ್ಲ್‌ಸನ್‌ರ 1503014, ವಿಶ್ವನಾಥನ್ ಆನಂದ್‌ರ 5000017, ಡಿ. ಗುಕೇಶ್‌ರ 46616543. ಈ ಆಯ್ಕೆಗೆ ಕಾರಣವಿದೆ. ಮೊದಲಿನ ಎರಡು ಏಳಂಕಿಯವು, ಮೂರನೆಯದು ಎಂಟಂಕಿಯದು. ಕಾಲಂ ಅಗಲವನ್ನು ತಪ್ಪಾಗಿ ಓದುವ ತಂತ್ರಾಂಶ ಎಂಟಂಕಿಯದನ್ನು ಕತ್ತರಿಸಿಬಿಡುತ್ತದೆ. ಹಾಗೆಯೇ ಆನಂದ್‌ರ ಹೆಸರು ಫಿಡೆ ಪಟ್ಟಿಯಲ್ಲಿ ಅಲ್ಪವಿರಾಮದಿಂದ ಎರಡು ಭಾಗವಾಗಿದೆ, ಗುಕೇಶ್‌ರ ಹೆಸರಿನಲ್ಲಿ ಅಲ್ಪವಿರಾಮವಿಲ್ಲದೆ ಇನಿಷಿಯಲ್ ಕೊನೆಯಲ್ಲಿದೆ. ಎರಡೂ ಬಗೆಯ ಹೆಸರುಗಳನ್ನು ತಂತ್ರಾಂಶ ಹೇಗೆ ಒಡೆಯುತ್ತದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಸ್ಟ್ಯಾಂಡರ್ಡ್ ಪಟ್ಟಿಯ ಮಟ್ಟಿಗೆ ಇನ್ನೊಂದು ಸುಲಭ ಸುಳಿವಿದೆ. 2024ರ ಮಾರ್ಚ್ 1ರಿಂದ ಫಿಡೆ ಕನಿಷ್ಠ ರೇಟಿಂಗ್ ಅನ್ನು 1000ದಿಂದ 1400ಕ್ಕೆ ಏರಿಸಿ, 2000ಕ್ಕಿಂತ ಕೆಳಗಿದ್ದವರಿಗೆ 2000ಕ್ಕೆ ಇದ್ದ ಕೊರತೆಯ ಶೇಕಡಾ 40ರಷ್ಟನ್ನು ಒಮ್ಮೆಗೆ ಸೇರಿಸಿತು. 1500 ಇದ್ದವರು 1700ಕ್ಕೆ ಬಂದರು, 1000 ಇದ್ದವರು 1400ಕ್ಕೆ ಬಂದರು. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ 1400ಕ್ಕಿಂತ ಕಡಿಮೆಯ ಫಿಡೆ ಸ್ಟ್ಯಾಂಡರ್ಡ್ ರೇಟಿಂಗ್ ಒಂದೇ ಒಂದು ಕಂಡರೂ ಅದು ಆ ಬದಲಾವಣೆಗೆ ಮುಂಚಿನ ಪಟ್ಟಿಯ ಉಳಿಕೆ, ಇಲ್ಲವೇ ರಾಷ್ಟ್ರೀಯ ರೇಟಿಂಗ್ ತಪ್ಪು ಕಾಲಂಗೆ ಬಂದು ಸೇರಿದೆ ಎಂದೇ ತಿಳಿಯಬೇಕು.

ಪಂದ್ಯಾವಳಿಯ ಫೈಲಿನಲ್ಲಿ ಹಳೆಯ ಅಂಕಿ ಉಳಿದಾಗ

ಸ್ಥಳೀಯ ಪಟ್ಟಿ ಹೊಸದಾದ ಮಾತ್ರಕ್ಕೆ ಈಗಾಗಲೇ ನೋಂದಾಯಿತರಾದವರ ರೇಟಿಂಗ್ ಬದಲಾಗುವುದಿಲ್ಲ, ಬದಲಾಗಲೂಬಾರದು. ಹಾಗೆ ತಾನಾಗಿ ಬದಲಾಗುವಂತಿದ್ದರೆ ಕಳೆದ ವರ್ಷದ ಪಂದ್ಯಾವಳಿಯ ಫೈಲನ್ನು ಇಂದು ತೆರೆದಾಗ ಆರಂಭಿಕ ಶ್ರೇಯಾಂಕವೇ ಅಸ್ತವ್ಯಸ್ತವಾಗುತ್ತಿತ್ತು. ಆದುದರಿಂದಲೇ ಆಟಗಾರರ ದತ್ತಾಂಶವನ್ನು ರೇಟಿಂಗ್ ಪಟ್ಟಿಯಿಂದ ನವೀಕರಿಸುವ ಪ್ರತ್ಯೇಕ ಆಜ್ಞೆಯನ್ನು ತಂತ್ರಾಂಶಗಳು ಇಟ್ಟಿರುತ್ತವೆ. ಪಂದ್ಯಾವಳಿಯ ಫೈಲನ್ನು ತೆರೆದು, ಅದರ ಬ್ಯಾಕಪ್ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ಉಳಿಸಿ, ಆ ಬಳಿಕವೇ ಈ ಆಜ್ಞೆಯನ್ನು ಕೊಡಬೇಕು.

ಆಜ್ಞೆ ಕೊಟ್ಟ ಮೇಲೂ ಕೆಲವರ ರೇಟಿಂಗ್ ಮಾತ್ರ ಬದಲಾಗದೆ ಉಳಿದರೆ, ಅವರ ದಾಖಲೆಯಲ್ಲಿ ಫಿಡೆ ಐಡಿ ಇದೆಯೇ ಎಂದು ನೋಡಿ. ನವೀಕರಣದ ಹೊಂದಾಣಿಕೆ ನಡೆಯಬೇಕಾದದ್ದು ಐಡಿಯ ಮೇಲೆ. ಪ್ರವೇಶ ಪತ್ರದಿಂದ ಹೆಸರನ್ನು ಬೆರಳಚ್ಚು ಮಾಡಿ ಸೇರಿಸಿದ ಆಟಗಾರರಿಗೆ ಐಡಿ ಇರುವುದಿಲ್ಲ, ಆಗ ತಂತ್ರಾಂಶ ಹೆಸರಿನ ಮೇಲೆ ಹೊಂದಿಸಲು ನೋಡುತ್ತದೆ ಅಥವಾ ಕೈಬಿಡುತ್ತದೆ. ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ, ತಂದೆಯ ಹೆಸರನ್ನು ಬಿಡಿಸಿ ಬರೆದಿದೆಯೋ ಸಂಕ್ಷೇಪಿಸಿದೆಯೋ, ದೀರ್ಘಾಕ್ಷರವನ್ನು ರೋಮನ್ ಲಿಪಿಯಲ್ಲಿ ಒಂದು ಅಕ್ಷರದಲ್ಲಿ ಬರೆದಿದೆಯೋ ಎರಡರಲ್ಲೋ ಎಂಬ ಸಣ್ಣ ವ್ಯತ್ಯಾಸಗಳಿಗೇ ಹೆಸರಿನ ಹೊಂದಾಣಿಕೆ ಸೋಲುತ್ತದೆ. ಸೋತರೆ ಪರವಾಗಿಲ್ಲ, ಅದೇ ಹೆಸರಿನ ಇನ್ನೊಬ್ಬರೊಂದಿಗೆ ಹೊಂದಿಬಿಟ್ಟರೆ ಅಪಾಯ.

ಈ ಅಪಾಯವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಆಯೋಜಕರು ರೇಟಿಂಗ್ ತಪ್ಪಾದುದಕ್ಕೆ ಗಾಬರಿಯಾಗುವಷ್ಟು ಐಡಿ ತಪ್ಪಾದುದಕ್ಕೆ ಆಗುವುದಿಲ್ಲ. ರೇಟಿಂಗ್ ತಪ್ಪಾದರೆ ಶ್ರೇಯಾಂಕ ಕೆಡುತ್ತದೆ, ಮೊದಲ ಸುತ್ತುಗಳ ಪೇರಿಂಗ್ ಕೆಡುತ್ತದೆ, ರೇಟಿಂಗ್ ವಿಭಾಗದ ಬಹುಮಾನಗಳಲ್ಲಿ ತಕರಾರು ಬರುತ್ತದೆ; ಆದರೆ ಫಿಡೆ ತನ್ನ ಲೆಕ್ಕವನ್ನು ಐಡಿಯ ಆಧಾರದ ಮೇಲೆ ತನ್ನದೇ ದತ್ತಾಂಶದಿಂದ ಮಾಡುವುದರಿಂದ ಆಟಗಾರನ ಮುಂದಿನ ರೇಟಿಂಗ್ ಸರಿಯಾಗಿಯೇ ಬರುತ್ತದೆ. ಐಡಿ ತಪ್ಪಾದರೆ ಒಬ್ಬ ಆಡಿದ ಪಂದ್ಯಗಳು ಇನ್ನೊಬ್ಬನ ಖಾತೆಗೆ ಜಮೆಯಾಗುತ್ತವೆ, ಎದುರಾಳಿಗಳೆಲ್ಲರ ಲೆಕ್ಕವೂ ಅದರೊಂದಿಗೆ ತಪ್ಪುತ್ತದೆ. ಹೀಗಾಗಿ ಹೆಸರಿನ ಮೇಲೆ ಹೊಂದಿಸುವ ಸ್ವಯಂಚಾಲಿತ ಆಯ್ಕೆಯನ್ನು ಬಳಸಲೇಬೇಕಾದರೆ, ಅದು ಸೂಚಿಸಿದ ಪ್ರತಿಯೊಂದು ಐಡಿಯನ್ನೂ ಹುಟ್ಟಿದ ವರ್ಷ, ಒಕ್ಕೂಟ ಮತ್ತು ಲಿಂಗದೊಂದಿಗೆ ತಾಳೆ ನೋಡಿಯೇ ಒಪ್ಪಿಕೊಳ್ಳಬೇಕು. ಫಿಡೆಯ ಸಾರ್ವಜನಿಕ ಪಟ್ಟಿಯಲ್ಲಿ ಹುಟ್ಟಿದ ವರ್ಷ ಮಾತ್ರ ಇರುತ್ತದೆ. ಪೂರ್ಣ ದಿನಾಂಕ ಬೇಕಾದರೆ ಪ್ರವೇಶ ಪತ್ರವನ್ನೇ ನೋಡಬೇಕು, ಮತ್ತು ನವೀಕರಣದ ವೇಳೆ ಪೂರ್ಣ ದಿನಾಂಕದ ಮೇಲೆ ಬರೀ ವರ್ಷ ಬಂದು ಕೂರದಂತೆ ಆ ಕಾಲಂ ಅನ್ನು ಹೊರಗಿಡಬೇಕು.

ಐಡಿ ಸರಿಯಿದ್ದೂ ರೇಟಿಂಗ್ ಸೊನ್ನೆಯಾಗಿ ಬಂದರೆ ಪಂದ್ಯಾವಳಿಯ ಬಗೆಯನ್ನು ಪರಿಶೀಲಿಸಿ. ಸ್ಟ್ಯಾಂಡರ್ಡ್ ಪಂದ್ಯಾವಳಿಗೆ ತಪ್ಪಿ ರ್‍ಯಾಪಿಡ್ ಎಂದು ಗುರುತಿಸಿದ್ದರೆ, ರ್‍ಯಾಪಿಡ್ ಆಡದ ಹಿರಿಯ ಆಟಗಾರರೆಲ್ಲ ರೇಟಿಂಗ್ ಇಲ್ಲದವರಂತೆ ಪಟ್ಟಿಯ ತಳಕ್ಕೆ ಇಳಿಯುತ್ತಾರೆ. ರ್‍ಯಾಪಿಡ್ ರೇಟಿಂಗ್ ಇಲ್ಲದವರಿಗೆ ಸ್ಟ್ಯಾಂಡರ್ಡ್ ರೇಟಿಂಗ್ ಬಳಸಿ ಶ್ರೇಯಾಂಕ ಕೊಡುವುದು ಆಯಾ ಪಂದ್ಯಾವಳಿಯ ನಿಯಮದಲ್ಲಿದ್ದರೆ, ತಂತ್ರಾಂಶದಲ್ಲಿ ಅದಕ್ಕೆ ತಕ್ಕ ಆಯ್ಕೆಯನ್ನು ಬೇರೆಯಾಗಿಯೇ ಗುರುತಿಸಬೇಕಾಗುತ್ತದೆ. ಆಟಗಾರ ಹುಡುಕಾಟದಲ್ಲೇ ಸಿಗದಿದ್ದರೆ ನಿಷ್ಕ್ರಿಯರನ್ನು ಮರೆಮಾಡುವ ಜರಡಿ ಚಾಲೂ ಇದೆಯೇ ಎಂದು ನೋಡಿ: ಒಂದು ವರ್ಷ ಕಾಲ ರೇಟೆಡ್ ಪಂದ್ಯ ಆಡದವರಿಗೆ ಪಟ್ಟಿಯ ಕೊನೆಯ ಕಾಲಂನಲ್ಲಿ ನಿಷ್ಕ್ರಿಯತೆಯ ಗುರುತು ಬೀಳುತ್ತದೆ, ಆದರೆ ಅವರ ರೇಟಿಂಗ್ ಅಳಿಯುವುದಿಲ್ಲ.

ಫಿಡೆ ರೇಟಿಂಗ್ ಮತ್ತು ರಾಷ್ಟ್ರೀಯ ರೇಟಿಂಗ್‌ಗಳಿಗೆ ಎರಡು ಕಾಲಂಗಳಿರುವ ತಂತ್ರಾಂಶಗಳಲ್ಲಿ, ಶ್ರೇಯಾಂಕಕ್ಕೆ ಯಾವುದು ಆಧಾರ ಎಂಬ ಆಯ್ಕೆಯೂ ಇರುತ್ತದೆ: ಫಿಡೆ ಮೊದಲು, ರಾಷ್ಟ್ರೀಯ ಮೊದಲು, ಅಥವಾ ಎರಡರಲ್ಲಿ ಹೆಚ್ಚಿನದು. ಹೊಸ ಫಿಡೆ ಅಂಕಿ ಬಂದಿದ್ದರೂ ಶ್ರೇಯಾಂಕ ಕದಲದಿದ್ದರೆ ಈ ಆಯ್ಕೆಯೇ ಕಾರಣವಾಗಿರುತ್ತದೆ.

ಯಾವ ದಿನದ ಪಟ್ಟಿ, ಎಷ್ಟು ಹೊತ್ತಿನವರೆಗೆ ಬದಲಾವಣೆ

2012ರ ಜುಲೈಯಿಂದ ಫಿಡೆ ಪ್ರತಿ ತಿಂಗಳ 1ನೆಯ ದಿನಾಂಕಕ್ಕೆ ಜಾರಿಯಾಗುವಂತೆ ಪಟ್ಟಿ ಹೊರಡಿಸುತ್ತಿದೆ. ಪಂದ್ಯಾವಳಿಗೆ ಅನ್ವಯಿಸುವುದು ಅದು ಆರಂಭವಾದ ದಿನ ಜಾರಿಯಲ್ಲಿರುವ ಪಟ್ಟಿ. ತಿಂಗಳ 29ರಂದು ಆರಂಭವಾಗಿ ಮುಂದಿನ ತಿಂಗಳ 3ರಂದು ಮುಗಿಯುವ ಪಂದ್ಯಾವಳಿಯಲ್ಲಿ, ನಡುವೆ 1ನೆಯ ತಾರೀಖು ಬಂತೆಂದು ನವೀಕರಣದ ಆಜ್ಞೆ ಕೊಡುವುದು ತಪ್ಪು. ಅದೇ ಕಂಪ್ಯೂಟರಿನಲ್ಲಿ ಮುಂದಿನ ಪಂದ್ಯಾವಳಿಗಾಗಿ ಸ್ಥಳೀಯ ಪಟ್ಟಿಯನ್ನು ಹೊಸದಾಗಿಸಬಹುದು, ಆದರೆ ನಡೆಯುತ್ತಿರುವ ಪಂದ್ಯಾವಳಿಯ ಫೈಲಿಗೆ ಅದನ್ನು ಸೋಂಕಿಸಬಾರದು. ಇದಕ್ಕೆ ವ್ಯತಿರಿಕ್ತವಾದ ಪ್ರಕರಣವೂ ಇದೆ: ನೋಂದಣಿ ಹಿಂದಿನ ತಿಂಗಳಲ್ಲಿ ಮುಗಿದು, ಪಂದ್ಯಾವಳಿ 1ರಂದೇ ಆರಂಭವಾಗುವಾಗ ಎಲ್ಲರ ರೇಟಿಂಗ್ ಹಳೆಯದಾಗಿರುತ್ತದೆ, ಆಗ ಮೊದಲ ಸುತ್ತಿನ ಪೇರಿಂಗ್‌ಗೆ ಮುಂಚೆ ನವೀಕರಣ ಕಡ್ಡಾಯ.

ಪಂದ್ಯಾವಳಿ ಶುರುವಾದ ಮೇಲೆ ಒಬ್ಬನ ರೇಟಿಂಗ್ ತಪ್ಪಾಗಿ ನಮೂದಾಗಿದೆ ಎಂದು ಗೊತ್ತಾದರೆ ಏನು ಮಾಡಬೇಕೆಂಬುದನ್ನು ಫಿಡೆಯ ಸ್ವಿಸ್ ನಿಯಮಗಳು (ಸಮಾನ ಅಂಕ ಗಳಿಸಿದವರನ್ನು ಎದುರುಬದುರಾಗಿಸುವ ಪದ್ಧತಿಯ ನಿಯಮಗಳು) ಸ್ಪಷ್ಟವಾಗಿ ಹೇಳುತ್ತವೆ. ತಪ್ಪು ದತ್ತಾಂಶವನ್ನು ಯಾವಾಗ ಬೇಕಾದರೂ ತಿದ್ದಬಹುದು. ಆ ತಿದ್ದುಪಡಿಗೆ ಅನುಗುಣವಾಗಿ ಪೇರಿಂಗ್ ಸಂಖ್ಯೆಗಳನ್ನು (ಆರಂಭಿಕ ಶ್ರೇಯಾಂಕದ ಕ್ರಮಸಂಖ್ಯೆಗಳನ್ನು) ಮರುಹಂಚಿಕೆ ಮಾಡಲು ಮೊದಲ ಮೂರು ಸುತ್ತುಗಳಿಗೆ ಮಾತ್ರ ಅವಕಾಶ. ನಾಲ್ಕನೆಯ ಸುತ್ತಿನ ಪೇರಿಂಗ್ ಆದ ಬಳಿಕ ಪೇರಿಂಗ್ ಸಂಖ್ಯೆಯನ್ನು ಬದಲಿಸುವಂತಿಲ್ಲ. ತಂತ್ರಾಂಶದಲ್ಲಿ ನವೀಕರಣದ ಜೊತೆಗೇ ಆರಂಭಿಕ ಶ್ರೇಯಾಂಕವನ್ನು ಮತ್ತೆ ವಿಂಗಡಿಸುವ ಆಯ್ಕೆ ಗುರುತಾಗಿದ್ದರೆ, ಐದನೆಯ ಸುತ್ತಿನಲ್ಲಿ ಕೊಟ್ಟ ಒಂದು ಆಜ್ಞೆ ಈ ನಿಯಮವನ್ನು ಅರಿವಿಲ್ಲದೆಯೇ ಮುರಿಯುತ್ತದೆ. ಅಂಥ ಹೊತ್ತಿನಲ್ಲಿ ಆ ಒಬ್ಬನ ದಾಖಲೆಯನ್ನಷ್ಟೇ ತೆರೆದು ಕೈಯಾರೆ ತಿದ್ದಬೇಕು, ಸಾಮೂಹಿಕ ನವೀಕರಣದ ಗುಂಡಿಯ ಹತ್ತಿರವೂ ಹೋಗಬಾರದು.

ವರದಿ ಕಳಿಸುವ ಮುನ್ನ

ಚೆಸ್ ರಿಸಲ್ಟ್ಸ್‌ನಂಥ ತಾಣದಲ್ಲಿ ಪಂದ್ಯಾವಳಿಯನ್ನು ಪ್ರಕಟಿಸಿದ್ದರೆ, ಸ್ಥಳೀಯ ಫೈಲಿನಲ್ಲಿ ಮಾಡಿದ ತಿದ್ದುಪಡಿ ಅಲ್ಲಿ ಕಾಣಲು ಮತ್ತೊಮ್ಮೆ ಅಪ್‌ಲೋಡ್ ಮಾಡಬೇಕು; ತಾಣದಲ್ಲಿ ಹಳೆಯದು ಕಾಣುತ್ತಿದೆ ಎಂಬ ದೂರು ಇಷ್ಟರಿಂದಲೇ ಬಗೆಹರಿಯುವುದುಂಟು.

ತಂತ್ರಾಂಶ ತೋರಿಸುವ ರೇಟಿಂಗ್ ಏರಿಳಿತದ ಅಂದಾಜು ಆಟಗಾರರ ನಿರೀಕ್ಷೆಗೆ ಹೊಂದದಿದ್ದರೆ ಕೆ ಅಂಶವನ್ನು ನೋಡಿ. ಸ್ಟ್ಯಾಂಡರ್ಡ್ ಪಟ್ಟಿಯಲ್ಲಿ ಹೊಸಬರಿಗೆ 30 ಪಂದ್ಯಗಳು ಮುಗಿಯುವವರೆಗೆ, ಹಾಗೂ 2300ಕ್ಕಿಂತ ಕೆಳಗಿರುವ ಕಿರಿಯರಿಗೆ 18 ತುಂಬುವ ವರ್ಷದ ಕೊನೆಯವರೆಗೆ ಇದು 40. ಉಳಿದವರಿಗೆ 2400 ಮುಟ್ಟುವವರೆಗೆ 20. ಒಮ್ಮೆ 2400 ಮುಟ್ಟಿದವರಿಗೆ 10. ಆಮದಿನಲ್ಲಿ ಈ ಕಾಲಂ ಖಾಲಿ ಬಂದು ತಂತ್ರಾಂಶ ಎಲ್ಲರಿಗೂ 20 ಎಂದು ಹಿಡಿದರೆ ಬಾಲ ಆಟಗಾರರ ಏರಿಕೆ ಅರ್ಧವಾಗಿ ಕಾಣುತ್ತದೆ. ಅಂದಾಜು ತಪ್ಪಿದರೂ ಫಿಡೆಯ ಲೆಕ್ಕ ತಪ್ಪುವುದಿಲ್ಲ, ಆದರೆ ಪೋಷಕರ ಪ್ರಶ್ನೆಗಳಿಗೆ ಉತ್ತರಿಸಬೇಕಾದವರು ಆರ್ಬಿಟರ್‌ಗಳೇ.

ಕೊನೆಯ ಪರಿಶೀಲನೆ ನಡೆಯಬೇಕಾದದ್ದು ಟಿಆರ್‌ಎಫ್ (ಪಂದ್ಯಾವಳಿಯ ಫಲಿತಾಂಶವನ್ನು ಫಿಡೆಗೆ ಕಳಿಸುವ ನಿಗದಿತ ರೂಪದ) ವರದಿಯ ಫೈಲಿನಲ್ಲಿ. ಅದು ಕೂಡ ಅಕ್ಷರಸ್ಥಾನಗಳ ಮೇಲೆ ನಿಂತ ಸಾದಾ ಪಠ್ಯವೇ: 001ರಿಂದ ಆರಂಭವಾಗುವ ಪ್ರತಿ ಸಾಲಿನಲ್ಲಿ 49ರಿಂದ 52ನೆಯ ಸ್ಥಾನದವರೆಗೆ ರೇಟಿಂಗ್, 54ರಿಂದ 56ರವರೆಗೆ ಒಕ್ಕೂಟ, 58ರಿಂದ 68ರವರೆಗೆ ಫಿಡೆ ಐಡಿ ಇರುತ್ತದೆ. ಐಡಿಯ ಜಾಗ ಖಾಲಿಯಿರುವ ಸಾಲುಗಳನ್ನೂ, ಒಂದೇ ಐಡಿ ಎರಡು ಬಾರಿ ಬಂದಿರುವ ಸಾಲುಗಳನ್ನೂ ಮೊದಲು ಹುಡುಕಿ ತಂತ್ರಾಂಶದಲ್ಲೇ ಸರಿಪಡಿಸಿ, ವರದಿಯನ್ನು ಹೊಸದಾಗಿ ತಯಾರಿಸಬೇಕು. ಟಿಆರ್‌ಎಫ್ ಫೈಲನ್ನು ನೇರವಾಗಿ ತಿದ್ದಿದರೆ ವರದಿ ಒಂದು, ಪಂದ್ಯಾವಳಿಯ ಫೈಲು ಇನ್ನೊಂದು ಎಂಬಂತಾಗುತ್ತದೆ. ಮುಂದೆ ಯಾರಾದರೂ ಪ್ರಶ್ನಿಸಿ ವರದಿಯನ್ನು ಮತ್ತೆ ತೆಗೆಯಬೇಕಾಗಿ ಬಂದರೆ ಹಳೆಯ ತಪ್ಪೇ ಮರಳಿ ಹೊರಬರುತ್ತದೆ.